ಅಕ್ಕನಿಗೆ ಅರ್ಜಿ, ತಮ್ಮನಿಗೆ ಹುಟ್ಟು

ನನ್ನ ಮಗಳು ಹುಟ್ಟಿದ್ದು ಭಾರತದಲ್ಲಿ. ಎರಡು ವರ್ಷದವಳಿದ್ದಾಗ ಅಮ್ಮನ ಸೊಂಟವೇರಿ ಇಂಗ್ಲೆಂಡಿಗೆ ಬಂದಳು. ಮಗ ಹುಟ್ಟಿದ್ದು ಇಲ್ಲೇ, ನಮಗೆ ಕಾಯಂ ವಾಸದ ಅನುಮತಿ ಸಿಕ್ಕ ನಾಲ್ಕು ತಿಂಗಳಿಗೆ. ಇಲ್ಲಿ ಹುಟ್ಟಿದ ಮಗು ತಾನಾಗಿ ಪ್ರಜೆಯಾಗಬೇಕಾದರೆ, ಅದು ಹುಟ್ಟುವ ದಿನ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಇಲ್ಲಿಯ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು ಎನ್ನುವುದು 1983ರ ಜನವರಿ 1ರಿಂದ ಬ್ರಿಟನ್ನಿನ ನಿಯಮ. ಹಾಗಾಗಿ ಅವನು ಹುಟ್ಟುತ್ತಲೇ ಬ್ರಿಟಿಷ್ ಪ್ರಜೆ. ಆರು ತಿಂಗಳು ಮೊದಲೇ ಹುಟ್ಟಿದ್ದರೆ ಅವನಿಗೂ ಅರ್ಜಿಯೇ ಗತಿಯಾಗುತ್ತಿತ್ತು.

ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸು ಬಾರದೆ ನಾನು ಏಳು ವರ್ಷ ತಳ್ಳಿದೆ. ಕೊನೆಗೆ ಗಂಡ ಹೆಂಡತಿ ಇಬ್ಬರೂ 24 ಪ್ರಶ್ನೆಗಳ ಪರೀಕ್ಷೆ ಬರೆದು, ಸಭಾಂಗಣದಲ್ಲಿ ನಿಂತು ಪ್ರಮಾಣವಚನ ಹೇಳಿ ಪ್ರಜೆಗಳಾದೆವು. ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ಮಗಳು ಮಾತ್ರ ಆಗಲಿಲ್ಲ. ನಾವು ಆದೆವೆಂದು ಅವಳು ಆಗುವುದಿಲ್ಲ. ಹದಿನೆಂಟು ತುಂಬುವುದರೊಳಗೆ ಬೇರೆ ಅರ್ಜಿ ಹಾಕಬೇಕು. ಅದೂ ಅವಳ ಹಕ್ಕಲ್ಲ, ಸರ್ಕಾರದ ವಿವೇಚನೆ. ಹತ್ತು ದಾಟಿದ ಮಕ್ಕಳ ಗುಣನಡತೆಯನ್ನೂ ವಿಚಾರಿಸುತ್ತಾರೆ. ಭಯೋತ್ಪಾದನೆಯಲ್ಲಿ ಭಾಗಿಯಾದದ್ದುಂಟೇ ಎಂಬ ಪ್ರಶ್ನೆಗೆ ನಾನು 'ಇಲ್ಲ' ಎಂದು ಗುರುತು ಹಾಕುತ್ತಿದ್ದಾಗ, ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಹನ್ನೊಂದರ ಹುಡುಗಿ ಇಣುಕಿ ಓದಿದಳು. "ಅಪ್ಪಾ, ಪಕ್ಕದ ಮನೆ ಬೆಕ್ಕಿಗೆ ನೀರು ಎರಚಿದ್ದು ಬರೀಬೇಕಾ?"

ನಗು ಬಂತು. ಶುಲ್ಕ ಕಟ್ಟುವಾಗ ಅದೂ ಇಂಗಿತು. 1,012 ಪೌಂಡ್! ಅಂಥ ಒಂದು ಅರ್ಜಿಯನ್ನು ವಿಲೇವಾರಿ ಮಾಡಲು ಸರ್ಕಾರಕ್ಕೆ ತಗಲುವ ಖರ್ಚು 372 ಪೌಂಡ್ ಎಂಬುದು 2019ರಲ್ಲಿ ಹೈಕೋರ್ಟಿನ ಮುಂದೆ ಬಂತು. ಮಕ್ಕಳ ಹಿತವನ್ನು ನೋಡದೆಯೇ ಈ ಶುಲ್ಕ ನಿಗದಿಯಾಗಿದೆ ಎಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಇಷ್ಟಾದ ಮೇಲೂ ಅದು ಆಗ ಇಳಿಯಲಿಲ್ಲ, 2023ರಲ್ಲಿ 1,214ಕ್ಕೆ ಏರಿತು.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅವನು ಪ್ರಮಾಣವಚನ ಹೇಳಿದ ಗಳಿಗೆಯಲ್ಲಿ ಅವನ ಮಗಳು ಶಾಲೆಯಲ್ಲಿದ್ದಳು. ಮನೆಗೆ ಬರುವಷ್ಟರಲ್ಲಿ ಅಮೆರಿಕದ ಪ್ರಜೆ. 2001ರ ಫೆಬ್ರವರಿ 27ರಂದು ಜಾರಿಗೆ ಬಂದ ಕಾನೂನಿನ ಪ್ರಕಾರ, ಹದಿನೆಂಟರೊಳಗಿನ ಮಗುವಿಗೆ ಗ್ರೀನ್ ಕಾರ್ಡ್ ಇದ್ದು, ಪ್ರಜೆಯಾದ ತಂದೆಯ ಅಥವಾ ತಾಯಿಯ ಸುಪರ್ದಿಯಲ್ಲಿ ಅಲ್ಲೇ ವಾಸವಿದ್ದರೆ ಸಾಕು, ಪೌರತ್ವ ತಾನಾಗಿ ಬರುತ್ತದೆ. ಪ್ರಮಾಣಪತ್ರ ಬೇಕೆಂದರೆ ಆಮೇಲೆ ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ಆದರೆ ಹದಿನೆಂಟು ತುಂಬಿ ಒಂದು ದಿನ ಕಳೆದಿದ್ದರೂ ಆ ಬಾಗಿಲು ಮುಚ್ಚಿದಂತೆಯೇ. ಅಲ್ಲಿಯ ಎಷ್ಟೋ ಸಂಗತಿ ನನಗೆ ಹಿಡಿಸುವುದಿಲ್ಲ, ಇದು ಹಿಡಿಸಿತು.

ಬ್ರಿಟನ್ನಿನದು ಇನ್ನೊಂದು ವಿಚಿತ್ರ. ನನ್ನ ಸಹೋದ್ಯೋಗಿಯೊಬ್ಬರು ತಲೆತಲಾಂತರದಿಂದ ಇಂಗ್ಲಿಷರು. ಅಪ್ಪ ಅಮ್ಮ ಕೀನ್ಯಾದಲ್ಲಿ ಮೇಷ್ಟರಾಗಿದ್ದಾಗ ಅಲ್ಲಿ ಹುಟ್ಟಿದರು. ಕಾನೂನಿನ ಲೆಕ್ಕದಲ್ಲಿ ಅವರು 'ವಂಶದಿಂದ' ಪ್ರಜೆ. ಅವರ ಮಗು ಹೊರದೇಶದಲ್ಲಿ ಹುಟ್ಟಿದರೆ ಅವರ ಕಡೆಯಿಂದ ಅದಕ್ಕೆ ಪೌರತ್ವ ತಾನಾಗಿ ದಾಟುವುದಿಲ್ಲ. ನಿನ್ನೆ ಮೊನ್ನೆ ಪ್ರಮಾಣವಚನ ಹೇಳಿದ ನನಗೆ ಈಗ ಹೊರದೇಶದಲ್ಲಿ ಮಗುವಾದರೆ ದಾಟುತ್ತದೆ. ಇದನ್ನು ಹೇಳಿದಾಗ ಅವರು ಚಹಾದ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. ವಲಸೆ ಬಂದವನನ್ನು ಹೊಸ ವಂಶದ ಬೇರು ಎಂದೇ ಎಣಿಸುವ ದೇಶ, ಅವನ ಕೈ ಹಿಡಿದು ಬಂದ ಮಗುವನ್ನು ಮಾತ್ರ ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ. ನನ್ನ ತಕರಾರು ಇಷ್ಟೇ.

ಇವರನ್ನು ಬೈಯುವಾಗ ನಮ್ಮ ಕಡೆಯದನ್ನೂ ನೋಡಬೇಕಲ್ಲ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ 1992ರ ಡಿಸೆಂಬರ್ 10ರವರೆಗೆ ಅಪ್ಪನಿಂದ ಮಾತ್ರ ಬರುತ್ತಿತ್ತು, ಅಮ್ಮ ಲೆಕ್ಕಕ್ಕಿರಲಿಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರನ್ನು ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದೂ ಕೊಡಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಇನ್ನು ಬಿಟ್ಟುಹೋದವರ ಮಕ್ಕಳ ಕಥೆ. ಒಂದು ದಂಪತಿ 1998ರ ಕೊನೆಯಲ್ಲಿ ಸಿಂಗಪುರದ ಪೌರತ್ವ ಪಡೆದಾಗ ಮಗು ಹೊಟ್ಟೆಯಲ್ಲಿತ್ತು. ಬೆಳೆದ ಮಗ ಭಾರತದ ಪೌರತ್ವ ಮರಳಿ ಕೇಳಿದ. ಮದ್ರಾಸ್ ಹೈಕೋರ್ಟ್ ಅವನ ಪರ ನಿಂತಿತು, 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಪ್ಪ ಅಮ್ಮ ತಾವಾಗಿ ಪೌರತ್ವ ತ್ಯಜಿಸಿದ್ದರೆ ಮಕ್ಕಳು ದೊಡ್ಡವರಾದ ಮೇಲೆ ಮರಳಿ ಕೇಳಲು ಕಾನೂನಿನಲ್ಲಿ ದಾರಿಯಿದೆ. ಬೇರೆ ದೇಶದ ಪೌರತ್ವ ಪಡೆದದ್ದರಿಂದ ತಾನಾಗಿ ಕಳಚಿಹೋಗಿದ್ದರೆ ಆ ದಾರಿ ಇಲ್ಲ. ಅಪ್ಪ ಯಾವ ಬಾಗಿಲಿಂದ ಹೊರಬಿದ್ದ ಎಂಬುದನ್ನು ಇನ್ನೂ ಹುಟ್ಟದ ಮಗು ಹೇಗೆ ಆರಿಸೀತು? ತೀರ್ಪು ಕಾನೂನಿನ ಅಕ್ಷರಕ್ಕೆ ಸರಿಯೇ ಇರಬಹುದು. ತಿದ್ದಬೇಕಾದದ್ದು ಆ ಅಕ್ಷರವನ್ನು.

ಮಗಳ ಪ್ರಮಾಣಪತ್ರ ದಪ್ಪ ಲಕೋಟೆಯಲ್ಲಿ ಬಂತು. ಅದನ್ನು ನೋಡಿ ಮಗ ತನ್ನದೆಲ್ಲಿ ಎಂದು ಹಟ ಹಿಡಿದ. ಅವನಿಗೆ ಅಂಥದ್ದೇನೂ ಇಲ್ಲ. ಅವನ ಮೊದಲ ಪಾಸ್‌ಪೋರ್ಟಿಗೆ ನಾನು ಕೊಟ್ಟ ಪುರಾವೆ ನನ್ನ ಭಾರತದ ಪಾಸ್‌ಪೋರ್ಟಿನ ಒಂದು ಪುಟ, ಕಾಯಂ ವಾಸದ ಚೀಟಿ ಅಂಟಿಸಿದ್ದು. ಆ ಪಾಸ್‌ಪೋರ್ಟ್ ಈಗ ರದ್ದಾಗಿದೆ. ಆದರೂ ಕಪಾಟಿನಲ್ಲಿ ಅವನ ಜನನ ಪತ್ರದ ಜೊತೆಗೇ ಇಟ್ಟಿದ್ದೇನೆ.