ಅಮೆರಿಕ ಒಪ್ಪದಿದ್ದರೆ ಸೋಲೇ?

ನಿನ್ನೆ ರಾತ್ರಿ ಒಂದು ವಿಡಿಯೊ ನೋಡಿದಾಗಿನಿಂದ ಮನಸ್ಸು ಕುದಿಯುತ್ತಿದೆ. ಅಮೆರಿಕದಲ್ಲಿ ಸೋತ ಏಷ್ಯಾದ ತಾರೆಯರ ಪಟ್ಟಿಯಂತೆ ಅದು. ಅದರಲ್ಲಿ ಜಪಾನಿನ ಪಾಪ್ ತಾರೆ ಉತಾದ ಹಿಕಾರು ಅವರ ಹೆಸರು! ನಮ್ಮ ಮನೆಯಲ್ಲಿ ಆ ದನಿ ಎಷ್ಟು ಕಾಲದಿಂದ ಇದೆ ಎಂಬುದು ಇಲ್ಲಿರುವ ಹಲವರಿಗೆ ಗೊತ್ತು. ಸುಗಮ ಸಂಗೀತದ ತರಗತಿಯಲ್ಲೂ ಅವರ ಹಾಡು ಹಾಕಿ ಮಕ್ಕಳಿಗೆ ಕೇಳಿಸುವವಳು ನಾನು. ಸುಮ್ಮನಿರುವುದು ಹೇಗೆ?

ಸೋತರು ಎಂದರೆ ಯಾವ ಲೆಕ್ಕದಲ್ಲಿ? 1998ರ ಡಿಸೆಂಬರ್‌ನಲ್ಲಿ ‘ಆಟೊಮ್ಯಾಟಿಕ್’ ಎಂಬ ಹಾಡು ಬಂದಾಗ ಅವರಿಗೆ 15 ವರ್ಷ. ಸಾಹಿತ್ಯವೂ ಅವರದೇ, ರಾಗವೂ ಅವರದೇ. ಮರುವರ್ಷ ಬಂದ ‘ಫಸ್ಟ್ ಲವ್’ ಆಲ್ಬಂ ಜಪಾನ್ ಒಂದರಲ್ಲೇ 75 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆ ದೇಶದಲ್ಲಿ ಅದನ್ನು ಮೀರಿಸಿದ ಆಲ್ಬಂ ಇವತ್ತಿಗೂ ಇಲ್ಲ.

ಸಂಖ್ಯೆ ಹಾಗಿರಲಿ, ‘ಆಟೊಮ್ಯಾಟಿಕ್’ನ ಮೊದಲ ಸಾಲನ್ನು ಕಿವಿಗೊಟ್ಟು ಕೇಳಿ. ಪದ ಮುಗಿಯುವಲ್ಲಿ ಉಸಿರು ನಿಲ್ಲುವುದಿಲ್ಲ. ಪದದ ನಡುವೆಯೇ ಸಾಲು ತುಂಡಾಗುತ್ತದೆ, ಉಳಿದ ಅಕ್ಷರ ಮುಂದಿನ ತಾಳಕ್ಕೆ ಜಾರಿಕೊಳ್ಳುತ್ತದೆ. ಭಾವಗೀತೆ ಹಾಡುವಾಗ ನನ್ನ ವಿದ್ಯಾರ್ಥಿಗಳು ಹೀಗೆ ಪದ ಒಡೆದರೆ ಅಲ್ಲೇ ನಿಲ್ಲಿಸಿ ತಿದ್ದುತ್ತೇನೆ, ಏಕೆಂದರೆ ಅರ್ಥ ಕೆಡುತ್ತದೆ. ಆದರೆ ಇಲ್ಲಿ ಒಡೆದ ಪದವೇ ಹಾಡಿಗೆ ನಡಿಗೆ ಕೊಡುತ್ತದೆ. ಫೋನ್ ಎತ್ತಿದ ಪ್ರಿಯಕರನ ದನಿ ಕೇಳಿ ಎದೆ ಹಾರುವುದು ಆ ತಡವರಿಕೆಯಲ್ಲೇ ಇದೆ. ನ್ಯೂಯಾರ್ಕಿನ ‘ಆರ್ ಅಂಡ್ ಬಿ’ ಎಂಬ ಕಪ್ಪು ಅಮೆರಿಕನ್ನರ ಸಂಗೀತದ ಲಯದಲ್ಲಿ ಜಪಾನಿ ಭಾಷೆಯನ್ನು ಕೂರಿಸಲು ಅದರ ಉಸಿರಿನ ಜಾಗಗಳನ್ನೇ ಬದಲಿಸಿದ ಆ ಹುಡುಗಾಟದ ವಯಸ್ಸಿನ ಧೈರ್ಯಕ್ಕೆ ನಾನು ಈಗಲೂ ಬೆರಗಾಗುತ್ತೇನೆ. ತಾಯಿ ಫುಜಿ ಕೇಕೊ ‘ಎಂಕಾ’ ಎಂಬ ಜಪಾನಿನ ಹಳೆಯ ಶೈಲಿಯ ಭಾವುಕ ಹಾಡುಗಳ ದೊಡ್ಡ ಗಾಯಕಿ, ತಂದೆ ಸಂಗೀತ ನಿರ್ಮಾಪಕ. ನ್ಯೂಯಾರ್ಕ್ ಮತ್ತು ಟೋಕಿಯೊಗಳ ನಡುವೆ ಸ್ಟುಡಿಯೊಗಳಲ್ಲೇ ಬೆಳೆದ ಮಗು ಅದು.

ಅಂಕಿಯಂಶ ಸುಳ್ಳು ಹೇಳುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. 2004ರ ಇಂಗ್ಲಿಷ್ ಆಲ್ಬಂ ‘ಎಕ್ಸೋಡಸ್’ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 160ನೇ ಸ್ಥಾನದಿಂದ ಮೇಲೇರಲಿಲ್ಲ, ಸರಿ. ಅದೇ ಆಲ್ಬಂನ ‘ಡೆವಿಲ್ ಇನ್‌ಸೈಡ್’ ಅಲ್ಲಿನ ಡಾನ್ಸ್ ಕ್ಲಬ್ ಪಟ್ಟಿಯ ತುದಿಗೇರಿದ್ದನ್ನು ಮಾತ್ರ ಇವರು ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಉತಾದ ಹುಟ್ಟಿದ್ದೇ ನ್ಯೂಯಾರ್ಕಿನಲ್ಲಿ. ಇಂಗ್ಲಿಷ್ ಅವರ ಬಾಲ್ಯದ ಭಾಷೆ. ಬಾಗಿಲು ತಟ್ಟಿ ಒಳಗೆ ಬಿಡಿ ಎಂದು ಕೇಳಿದ ಪರದೇಶಿಯಂತೆ ಅವರನ್ನು ಚಿತ್ರಿಸುವುದೇ ತಪ್ಪು. 2002ರಲ್ಲಿ ‘ಕಿಂಗ್‌ಡಮ್ ಹಾರ್ಟ್ಸ್’ ಎಂಬ ವಿಡಿಯೊ ಗೇಮ್ ಬಂದಾಗ ಅದರ ಶೀರ್ಷಿಕೆ ಗೀತೆಯನ್ನು ಜಪಾನಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆದು ಹಾಡಿದವರು ಅವರೇ. ಅಮೆರಿಕದ, ಯುರೋಪಿನ ಎಷ್ಟೋ ಮಕ್ಕಳು ಆ ದನಿ ಕೇಳುತ್ತಲೇ ದೊಡ್ಡವರಾದರು. ನನ್ನ ಮಗನ ಮೂಲಕ ಅದು ನನ್ನ ಅಡುಗೆಮನೆಗೂ ಬಂತು. ಇದು ಯಾವ ಪಟ್ಟಿಯಲ್ಲಿ ಸಿಗುತ್ತದೆ?

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣವಿದೆ. ಅದನ್ನು ಇಲ್ಲಿ ಹಿಂದೆಂದೂ ಬರೆದಿಲ್ಲ. ಹರೆಯದಲ್ಲಿ ನಾನು ಒಂದು ಧ್ವನಿಮುದ್ರಣಕ್ಕೆ ಹೋಗಿದ್ದಾಗ ಹಿರಿಯರೊಬ್ಬರು, ‘ದನಿ ಚೆನ್ನಾಗಿದೆಯಮ್ಮಾ, ಆದರೆ ಕನ್ನಡದಲ್ಲೇ ಹಾಡಿಕೊಂಡಿದ್ದರೆ ಏನು ಬಂತು? ಮುಂಬೈಗೆ ಹೋಗಿ ಹಿಂದಿಯಲ್ಲಿ ಹಾಡಿದರೆ ಹೆಸರು’ ಎಂದಿದ್ದರು. ಆ ಮಾತಿಗೆ ಆಗ ತಲೆಯಾಡಿಸಿ ಬಂದೆ. ಉತ್ತರ ಗಂಟಲಲ್ಲೇ ಉಳಿಯಿತು. ತನ್ನ ಜನರೆದುರು ತನ್ನ ಮಾತಿನಲ್ಲಿ ಹಾಡಿದ್ದು ಅರ್ಧ ಗೆಲುವು, ದೊಡ್ಡ ಮಾರುಕಟ್ಟೆ ಮುದ್ರೆ ಒತ್ತಿದ ಮೇಲಷ್ಟೇ ಪೂರ್ತಿ ಗೆಲುವು ಎಂಬ ಈ ಲೆಕ್ಕ ನನ್ನನ್ನು ಆಗಲೂ ನೋಯಿಸಿತ್ತು, ಈಗಲೂ ನೋಯಿಸುತ್ತದೆ.

ಉತಾದ ಆ ಲೆಕ್ಕಕ್ಕೆ ಸಿಕ್ಕಲಿಲ್ಲ. 15ನೇ ವಯಸ್ಸಿನಿಂದ ಖ್ಯಾತಿಯ ನಡುವೆಯೇ ಬದುಕಿದವರು, 2010ರಲ್ಲಿ ಎಲ್ಲವನ್ನೂ ನಿಲ್ಲಿಸಿ ಸಾಮಾನ್ಯ ಮನುಷ್ಯರಂತೆ ಬದುಕುವುದನ್ನು ಕಲಿಯಲು ಹೊರಟರು. 2013ರಲ್ಲಿ ತಾಯಿ ತೀರಿಕೊಂಡರು. 2016ರಲ್ಲಿ ‘ಫ್ಯಾಂಟೋಮ್’ ಹಿಡಿದು ಮರಳಿದಾಗ ಆ ಆಲ್ಬಂ ತಾಯಿಗೇ ಅರ್ಪಿತವಾಗಿತ್ತು, ಹೆಚ್ಚುಕಡಿಮೆ ಪೂರ್ತಿ ಜಪಾನಿಯಲ್ಲಿತ್ತು. ಅದರ ‘ಹನಾತಬಾ ಒ ಕಿಮಿ ನಿ’ ಬೆಳಗಿನ ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆ. ಲಕ್ಷಾಂತರ ಮನೆಗಳಲ್ಲಿ ದಿನವೂ ತಿಂಡಿಯ ಹೊತ್ತಿಗೆ ಕೇಳುತ್ತಿದ್ದ ಆ ಹಗುರ ರಾಗದೊಳಗೆ ಒಂದು ಮಗು ತಾಯಿಗೆ ವಿದಾಯ ಹೇಳುತ್ತಿತ್ತು. ಅಳುವನ್ನು ಅಷ್ಟು ತಿಳಿಯಾಗಿ ಹಾಡಲು ಬರುವವರನ್ನು ಸೋತವರ ಸಾಲಿನಲ್ಲಿ ನಿಲ್ಲಿಸುತ್ತೀರಾ?

2022ರ ‘ಬ್ಯಾಡ್ ಮೋಡ್’ನಲ್ಲಿ ಎರಡೂ ಭಾಷೆಗಳು ಒಂದೇ ಆಲ್ಬಂನಲ್ಲಿ ಸಂಕೋಚವಿಲ್ಲದೆ ಓಡಾಡುತ್ತವೆ. ಅದರ ಕೊನೆಯ ಭಾಗದಲ್ಲಿ ಹನ್ನೆರಡು ನಿಮಿಷದ ಹತ್ತಿರ ಸಾಗುವ ಒಂದು ಹಾಡಿದೆ. ರೇಡಿಯೊಗೆ ಹೊಂದಬೇಕು ಎಂಬ ಭಯವಿದ್ದವರು ಅದನ್ನು ಮಾಡುವುದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯಲ್ಲಿ ಅವರು ‘ಫಸ್ಟ್ ಲವ್’ ಹಾಡನ್ನೂ ಹಾಡಿದರು. 1999ರ ಹಾಡು, ಜಪಾನಿ ಹಾಡು, ಅಮೆರಿಕದ ನೆಲದಲ್ಲಿ. 2024ರಲ್ಲಿ, ‘ಆಟೊಮ್ಯಾಟಿಕ್’ ಬಂದ 25 ವರ್ಷಗಳ ನಂತರ, ಜಪಾನಿನ ಊರುಗಳ ಜೊತೆ ತೈಪೆ, ಹಾಂಗ್‌ಕಾಂಗ್‌ಗಳಲ್ಲೂ ಅವರ ಕಛೇರಿಗಳು ನಡೆದವು.