ಕುದಿಸಿದ್ದಾ ಅಕ್ಕ?

ಸ್ಟೋರ್ ರೂಮಿನಲ್ಲಿ ಇನ್ನೂ 34 ಖಾಲಿ ನೀರಿನ ಬಾಟಲಿಗಳಿವೆ. ಗುಜರಿಯವನು ಈ ಕಡೆ ಬಂದೇ ಇಲ್ಲ. ಬಾಗಿಲು ತೆಗೆದಾಗಲೆಲ್ಲ ಒಂದು ಉರುಳಿಕೊಂಡು ಕಾಲಿಗೆ ಬರುತ್ತದೆ, ನನಗೆ ಪಿತ್ತ ನೆತ್ತಿಗೇರುತ್ತದೆ.

ತಮ್ಮ ಡಲ್ಲಾಸ್‌ನಿಂದ ಹೆಂಡತಿ, ಮಕ್ಕಳ ಜೊತೆ ಬಂದಿದ್ದ. ಹಾಸನಕ್ಕೆ, ತಾನು ಹುಟ್ಟಿದ ಮನೆಗೆ. ಆದರೆ ಅಮೆರಿಕದ ಡಾಕ್ಟರ ಲೆಕ್ಕದಲ್ಲಿ ಇದು ವಿದೇಶ ಪ್ರವಾಸ. ಹೊರಡೋಕೆ 2 ವಾರ ಮೊದಲೇ ನಾಲ್ವರೂ ಟೈಫಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು. ಕಿರಿಯವನು ಬಂದವನೇ ತೋಳು ತೋರಿಸಿ, "ಅತ್ತೆ, ನಿಮ್ಮ ಮನೆಗೋಸ್ಕರ" ಅಂದ. ನಾನಿನ್ನೂ ಆರತಿ ತಟ್ಟೆ ಕೆಳಗಿಟ್ಟಿರಲಿಲ್ಲ.

ಸರಿ, ಚುಚ್ಚಿಸಿಕೊಂಡಾಯಿತು. ಇನ್ನು ನೆಮ್ಮದಿಯಾಗಿ ಉಣ್ಣಬಹುದಲ್ವಾ? "ಲಸಿಕೆ ನೂರಕ್ಕೆ ನೂರು ಕಾಯೋದಿಲ್ಲ ಅಕ್ಕ. ಈ ರೋಗ ಬರೋದೇ ಹೊಲಸು ಸೇರಿದ ನೀರು, ಊಟದಿಂದ" ಅಂದ. ಮಾತು ನಿಜವೇ. ನಿಜವಾದ ಮಾತಿಗೇ ಸಿಟ್ಟು ಜಾಸ್ತಿ ಬರೋದು.

ಅಲ್ಲಿಂದ ಶುರುವಾಯಿತು, "ಕುದಿಸಿದ್ದಾ ಅಕ್ಕ?" ಕಾಫಿ ಕೊಟ್ಟರೂ ಅದೇ. ಕುದಿಯೋ ನೀರು ಹಾಕದೆ ಡಿಕಾಕ್ಷನ್ ಇಳಿಯುತ್ತೇನೋ? ಕೋಸಂಬರಿ ಬಡಿಸಿದರೆ ಸೌತೆಕಾಯಿ ತೊಳೆದ ನೀರಿನ ವಿಚಾರಣೆ. ಮಜ್ಜಿಗೆಗೆ ಬೆರೆಸಿದ ನೀರಿನ ಬಗ್ಗೆಯೂ ಕೇಳಿದ. ಮಾರನೆಯ ದಿನ ಮಜ್ಜಿಗೆ ಹುಳಿ ಮಾಡಿ, ಕೊತಕೊತ ಕುದಿಯುವಾಗ ಅವನನ್ನು ಒಲೆ ಹತ್ತಿರ ಕರೆದು ತೋರಿಸಿದೆ. ಹಲ್ಲುಜ್ಜೋಕೂ ಬಾಟಲಿ ನೀರು. "20 ರೂಪಾಯಿ ಬಾಯಿ ಮುಕ್ಕಳಿಸಿ ಉಗಿದ" ಅಂತ ನಮ್ಮ ಯಜಮಾನರು ದಿನಾ ಲೆಕ್ಕ ಒಪ್ಪಿಸುತ್ತಿದ್ದರು.

ಶನಿವಾರ ಬೀದಿ ಕೊನೆಯ ಆಂಜನೇಯನ ಗುಡಿಗೆ ಕರೆದುಕೊಂಡು ಹೋದೆ. ಭಟ್ಟರು ತೀರ್ಥ ತಂದರು. ತಮ್ಮ ಭಕ್ತಿಯಿಂದ ಬಲಗೈ ಒಡ್ಡಿದ, ಬಾಯಿವರೆಗೂ ತಂದ, ಸುರ್ ಅಂದ. ಬರೀ ಶಬ್ದ! ತೀರ್ಥವೆಲ್ಲ ತಲೆಗೆ ಹೋಯಿತು. ಅವನ ಹೆಂಡತಿಯೂ ಹಾಗೇ ಮಾಡಿದಳು. ದೊಡ್ಡ ಮಗ ಇನ್ನೂ ಚೆನ್ನಾಗಿ ಮಾಡಿದ, ಗಂಟಲು ಕೂಡ ಆಡಿಸಿದ. ಮನೆಯಲ್ಲಿ ಅಭ್ಯಾಸ ಮಾಡಿಸಿದ್ದರೋ ಏನೋ. ಕಿರಿಯವನಿಗೆ ಈ ವಿದ್ಯೆ ಬರಲಿಲ್ಲ. ತೀರ್ಥ ಹಿಡಿದುಕೊಂಡೇ ಕೇಳಿದ, "ಅಂಕಲ್, ಇದು ಕುದಿಸಿದ್ದಾ?"

ಭಟ್ಟರು ಉದ್ಧರಣೆ ನೋಡಿದರು. ಆಂಜನೇಯನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ತುಳಸಿ ಹಾಕಿದೆ ಮಗು" ಅಂದರು. ಹುಡುಗ ಅಪ್ಪನ ಕಡೆ ತಿರುಗಿದ. ಅಪ್ಪ ತಲೆ ಮೇಲಿನ ಗಂಟೆಯನ್ನು, ಅದನ್ನು ಯಾರು ಮಾಡಿಸಿಕೊಟ್ಟರು ಅಂತ ಬಹಳ ಆಸಕ್ತಿಯಿಂದ ಓದುತ್ತಿದ್ದ.

ಆ ರಾತ್ರಿ ಜಗಳ ಆಡಲೇಬೇಕು ಅಂತ ಕೂತೆ. "ಇದೇ ಊರಿನ ನೀರು ಕುಡಿದು ಬೆಳೆದವನಲ್ವೇನೋ ನೀನು?"

"ಅದಕ್ಕೇ ಅಕ್ಕ" ಅಂದ.

ನನ್ನ ಬಾಯಿ ಕಟ್ಟಿತು. 1986. ಅವನು 3ನೇ ಕ್ಲಾಸು. ಜ್ವರ ದಿನಕ್ಕೊಂದು ಮೆಟ್ಟಿಲಿನ ಹಾಗೆ ಏರಿತ್ತು. ವಾರಗಟ್ಟಲೆ ಗಂಜಿ, ಹಣೆಗೆ ಒದ್ದೆ ಬಟ್ಟೆ. ಅಮ್ಮ ಅವನ ಚಾಪೆ ಪಕ್ಕದಲ್ಲೇ ಕೂತು ತೂಕಡಿಸುತ್ತಿದ್ದಳು. ಎದ್ದಾಗ ಅವನ ತಲೆಗೂದಲು ಹಿಡಿ ಹಿಡಿ ಉದುರಿತು. ಜ್ವರಕ್ಕೆ ಮುಂಚೆ ಶಾಲೆ ಗೇಟಿನ ಹತ್ತಿರ ಐಸ್ ಕ್ಯಾಂಡಿ ಕೊಡಿಸಿದ್ದು ನಾನು. ಅರ್ಧ ನಾನೂ ತಿಂದಿದ್ದೆ, ನನಗೇನೂ ಆಗಲಿಲ್ಲ. ಐಸ್ ಆದರೆ ಕ್ರಿಮಿ ಸಾಯುವುದಿಲ್ಲ ಅಂತ ಆಗ ಯಾರಿಗೆ ಗೊತ್ತು? ಅದರಿಂದಲೇ ಬಂತೋ ಏನೋ. ಅಮ್ಮನಿಗೆ ಹೇಳಿರಲಿಲ್ಲ. ಈಗ ಹೇಳೋಣ ಅಂದರೆ ಅಮ್ಮ ಇಲ್ಲ.

ಅವರು ಹೊರಟ ಮೇಲೆ, ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋದಾಗ ತಮ್ಮನ ಮೇಲೆ ದೂರು ಹೇಳಿಕೊಂಡೆ. ನನ್ನ ಪರ ಮಾತಾಡುತ್ತಾರೆ ಅಂದುಕೊಂಡರೆ, "ನೀವು ಹಾಕಿಸಿಕೊಂಡಿದ್ದೀರಾ?" ಅಂದರು. ಹೈದರಾಬಾದಿನಲ್ಲೇ ತಯಾರಾಗುವ ಟೈಫಾಯ್ಡ್ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಒಪ್ಪಿಗೆ ಕೊಟ್ಟಿದೆಯಂತೆ, ಒಂದೇ ಇಂಜೆಕ್ಷನ್ ಅಂತೆ. ಮಂಡಿ ಕಥೆ ಅಲ್ಲಿಗೇ ನಿಂತಿತು. ಚೀಟಿ ಬರೆದೇ ಬಿಟ್ಟರು.

ಮೆಡಿಕಲ್ ಶಾಪಿನ ಹುಡುಗ ಫ್ರಿಜ್‌ನಿಂದ ತೆಗೆದು, ಐಸ್ ಪ್ಯಾಕ್ ಜೊತೆ ಕಟ್ಟುತ್ತಾ ಕೇಳಿದ, "ಯಾವ ದೇಶಕ್ಕೆ ಹೊರಟಿರಿ ಆಂಟಿ?"

"ಇಲ್ಲೇ ಕಣಪ್ಪ, ಮನೆಗೆ" ಅಂದೆ.