ಪೇಷೆಂಟ್ ದೋಸೆ

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಬೀಗರ ಊಟಕ್ಕೆ ಹೋಗಿದ್ದೆ. ಹಾಸನದ ಕಡೆ ಬೀಗರ ಊಟ ಉಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಅದರ ಮೇಲೆ ಬಿರಿಯಾನಿ. ಚಿಕ್ಕಂದಿನಿಂದಲೂ ನನಗೆ “ಸಾಕು” ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಬಡಿಸುವವರು ಬಕೆಟ್ ಹಿಡಿದು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ. ಕೈ ಮೇಲೆಯೇ ಸಾರು ಬಿತ್ತು. ಬಿದ್ದ ಸಾರನ್ನು ವಾಪಸ್ ಕೊಡೋಕಾಗುತ್ತಾ? ಉಂಡೆ. ಮಾರನೇ ದಿನ ಬೆಳಿಗ್ಗೆ ಹೊಟ್ಟೆ ಎಲ್ಲದರ ಲೆಕ್ಕ ಕೇಳಿತು.

ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಅಷ್ಟಕ್ಕಷ್ಟೇ. ಹೆಂಡತಿ ಹೊಳೆನರಸೀಪುರದ ಕಡೆ ಒಂದು ಶಾಲೆಯಲ್ಲಿ ಟೀಚರ್. ಏಳೂ ಕಾಲಿನ ಬಸ್ಸು ಹಿಡಿಯಬೇಕು. ಮಧ್ಯಾಹ್ನದ ಡಬ್ಬಿ ಇಬ್ಬರಿಗೂ ಅವಳು ಕಟ್ಟುತ್ತಾಳೆ, ತಿಂಡಿ ಮಾತ್ರ ಅವರವರ ಪಾಡು. ಇದು ಮದುವೆಯಾದ ಎರಡನೇ ವರ್ಷವೇ ಆದ ತೀರ್ಮಾನ. ಹಾಗಾಗಿ ಸಾಲಗಾಮೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿರುವ ಪುಟ್ಟ ಹೋಟೆಲ್ಲೇ ನನ್ನ ಬೆಳಗಿನ ಅಡುಗೆಮನೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ತಿಂಡಿಗೆ ಎಲ್ಲಿಗೆ ಹೋಗಲಿ? ಆರು ಟೇಬಲ್ಲು. ಗಲ್ಲಾದ ಹಿಂದೆ ಹೂವು ಮುಡಿದ ದೇವರ ಫೋಟೋ. ಗೋಡೆಯ ಮೇಲೆ “ತಟ್ಟೆಯಲ್ಲಿ ಕೈ ತೊಳೆಯಬಾರದು”. ಇಷ್ಟಕ್ಕೂ ಸೇರಿ ಒಬ್ಬನೇ ಸಪ್ಲೈಯರ್. ಅರಕಲಗೂಡಿನ ಕಡೆಯವನು. ಆರ್ಡರನ್ನು ಬರೆದುಕೊಳ್ಳುವುದಿಲ್ಲ, ಮರೆಯುವುದೂ ಇಲ್ಲ. ನನ್ನ ಕಷ್ಟವೆಲ್ಲ ಶುರುವಾಗಿದ್ದು ಅವನು ಮರೆಯದೇ ಇದ್ದದ್ದರಿಂದ.

ಅವತ್ತು ಹೊಟ್ಟೆ ಹಿಡಿದುಕೊಂಡು ಹೋಗಿ ಕೂತೆ. “ಅಣ್ಣಾ, ಹೊಟ್ಟೆ ಸರಿ ಇಲ್ಲ. ಒಂದು ಖಾಲಿ ದೋಸೆ ಕೊಡಿ. ಎಣ್ಣೆ ಬೇಡ. ಪಲ್ಯ ಬೇಡ. ಚಟ್ನಿ ಖಾರ ಇದ್ರೆ ಅದೂ ಬೇಡ” ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಯಾವ ಡಾಕ್ಟರೂ ನನ್ನನ್ನು ಅಷ್ಟು ಮರುಕದಿಂದ ನೋಡಿಲ್ಲ. ಬೆಳ್ಳಗಿನ ದೋಸೆ ಬಂತು. ಕೇಳದಿದ್ದರೂ ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಬಂತು.

ಎರಡು ದಿನ ಬಿಟ್ಟು, ಹೊಟ್ಟೆ ಸರಿಹೋದ ಮೇಲೆ, ಮಸಾಲೆ ದೋಸೆಯ ಆಸೆಯಿಂದ ಹೋದೆ. ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ ಮೇಲೆ ಖಾಲಿ ದೋಸೆ ಕೂತಿತ್ತು. ಬಿಸಿನೀರೂ ಇತ್ತು. “ನೀವು ಹೇಳೋದೇ ಬೇಡ ಸಾ, ನಂಗೊತ್ತಲ್ವಾ” ಎಂದ. ಮುಖದ ತುಂಬ ನಗು. ಪಕ್ಕದ ಟೇಬಲ್ಲಿನವರು ಇಡ್ಲಿಗಾಗಿ ಹತ್ತು ನಿಮಿಷದಿಂದ ಕಾಯುತ್ತಿದ್ದರು. ನನಗೆ ಮಾತ್ರ ಕೇಳುವ ಮೊದಲೇ ತಟ್ಟೆ! ಅಂಥವನ ಮುಂದೆ “ಇದು ಬೇಡ, ಮಸಾಲೆ ಕೊಡು” ಎನ್ನೋದು ಹೇಗೆ? ತಿಂದೆ.

ಬಾಯಿ ಬಿಡಬೇಕಿದ್ದದ್ದು ಆವತ್ತೇ. ಇಪ್ಪತ್ತು ದಿನ ಬಿಟ್ಟು ಹೇಳಿದರೆ “ಮತ್ತೆ ಇಷ್ಟು ದಿನ ಯಾಕೆ ತಿಂದ್ರಿ ಸಾ?” ಎಂದು ಅವನು ಕೇಳುತ್ತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿಗೆ ಹೇಳಿದೆ. “ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ? ಮಸಾಲೆ ಅನ್ನೋಕೆ ಮೂರೇ ಅಕ್ಷರ” ಎಂದಳು. ಟೀಚರ್ ಅಲ್ವಾ, ಅಕ್ಷರದ ಲೆಕ್ಕ ಸರಿಯಾಗಿಯೇ ಇತ್ತು.

ಈ ನಡುವೆ ಅಡುಗೆಮನೆಗೆ ಅವನು ಕೂಗುವ ಆರ್ಡರೂ ರೂಪ ಬದಲಿಸುತ್ತಿತ್ತು. ಮೊದಲ ವಾರ “ಒಂದ್ ಖಾಲಿ! ಎಣ್ಣೆ ಇಲ್ದೆ, ಪಲ್ಯ ಇಲ್ದೆ, ಖಾರ ಇಲ್ದೆ!” ಎನ್ನುತ್ತಿದ್ದ. ದಿನಾ ಅಷ್ಟುದ್ದ ಕೂಗಲು ಯಾರಿಗೆ ಪುರುಸೊತ್ತು? ಯುಗಾದಿ ಹೊತ್ತಿಗೆ ಅದು “ಒಂದ್ ಇಲ್ದೆ ದೋಸೆ!” ಆಯಿತು. ಆಷಾಢ ಕಳೆಯುವಷ್ಟರಲ್ಲಿ “ಒಂದ್ ಪೇಷೆಂಟ್ ದೋಸೆ!” ಎಂದು ಗಟ್ಟಿಯಾಯಿತು. ದಿನಾ ಬರುವ ನಾಲ್ಕು ಜನ ರಿಟೈರ್ಡ್ ಮೇಷ್ಟ್ರುಗಳು ನನ್ನನ್ನು ಕಂಡರೆ ಜಾಗ ಬಿಟ್ಟುಕೊಡಲು ಶುರು ಮಾಡಿದರು. ಅವರಲ್ಲಿ ಎಪ್ಪತ್ತೈದು ದಾಟಿದ ಒಬ್ಬರು ಎದ್ದು ನಿಂತು “ನೀವು ಕೂತ್ಕೊಳ್ಳಿ, ಪಾಪ” ಎಂದ ದಿನ ದೋಸೆ ಗಂಟಲಲ್ಲಿ ಇಳಿಯಲಿಲ್ಲ.

ಇದೇ ಸಾಲಗಾಮೆ ರಸ್ತೆಯಲ್ಲಿ ಮುಂದೆ ಹೋದರೆ ಇಸ್ರೋದ ಎಂ.ಸಿ.ಎಫ್., ಅಂದರೆ ಉಪಗ್ರಹಗಳ ನಿಯಂತ್ರಣ ಕೇಂದ್ರ ಇದೆ. 1982ರಿಂದ ಅಲ್ಲಿ ಕೂತು ಉಪಗ್ರಹಗಳನ್ನು ನಡೆಸುತ್ತಿದ್ದಾರೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಹಾಸನದಿಂದ “ಸ್ವಲ್ಪ ಈ ಕಡೆ ತಿರುಗು” ಎಂದರೆ ಅದು ತಿರುಗುತ್ತದೆ. ನನಗೆ ಆರು ಅಡಿ ದೂರದಲ್ಲಿದ್ದವನಿಗೆ ಒಂದು ಮಾತು ಮುಟ್ಟಿಸಲು ಆಗಲಿಲ್ಲ.

ಹೊಟ್ಟೆಗಿಂತ ಜಾಸ್ತಿ ಉರಿದದ್ದು ಆಲೂಗಡ್ಡೆ ವಿಷಯಕ್ಕೆ. ನಾನು ದುದ್ದದ ಹತ್ತಿರದ ಆಲೂಗಡ್ಡೆ ಬೆಳೆಗಾರರ ಮನೆಯವನು. ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನದ ಎಪಿಎಂಸಿಗೆ ಜಲಂಧರ್‌ನಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಬರುತ್ತಿತ್ತು. ಅಪ್ಪನ ಜೊತೆ ಹೋಗಿ ಮೂಟೆ ಮೇಲೆ ಕೂತು ಬರುತ್ತಿದ್ದೆ. ಪಂಜಾಬ್ ಎಲ್ಲಿದೆ ಎಂದು ಶಾಲೆಯಲ್ಲಿ ಹೇಳಿಕೊಡುವ ಮೊದಲೇ ಅಲ್ಲಿನ ಮಣ್ಣಿನ ವಾಸನೆ ನಮಗೆ ಗೊತ್ತಿತ್ತು. ಗಡ್ಡೆಗೆ ಕಣ್ಣು ನೋಡಿ ಹೋಳು ಮಾಡಿ ಬಿತ್ತುವುದು ಅಮ್ಮನ ಕೆಲಸ. ಆಮೇಲೆ ಅಂಗಮಾರಿ ರೋಗ ಬಂತು. ಮೋಡ ಮುಚ್ಚಿ, ಜಿಟಿಜಿಟಿ ಮಳೆ ಹಿಡಿದರೆ ಸಾಕು, ನಾಲ್ಕೈದು ದಿನದಲ್ಲಿ ಹಸಿರು ಹೊಲ ಸುಟ್ಟಂತೆ ಕಪ್ಪಾಗುತ್ತಿತ್ತು. ಎರಡು ಮೂರು ಸಲ ಪೆಟ್ಟು ತಿಂದ ಮೇಲೆ ಸುತ್ತಮುತ್ತಲಿನ ಎಷ್ಟೋ ಜನರಂತೆ ಅಪ್ಪನೂ ಮುಸುಕಿನ ಜೋಳಕ್ಕೆ ತಿರುಗಿದರು. ಆದರೂ ಯಾವ ಹೋಟೆಲ್ಲಿಗೆ ಹೋದರೂ ದೋಸೆಯ ಹೊಟ್ಟೆ ಬಗೆದು ಪಲ್ಯ ಪರೀಕ್ಷೆ ಮಾಡದೆ ಅವರು ತುತ್ತು ಎತ್ತುವುದಿಲ್ಲ. ಅಂಥವರ ಮಗ ಹಾಸನದಲ್ಲೇ ಇದ್ದುಕೊಂಡು, ತಿಂಗಳುಗಟ್ಟಲೆ ಪಲ್ಯ ಇಲ್ಲದ ದೋಸೆ ತಿನ್ನುತ್ತಿದ್ದ.

ತಡೆಯಲಾರದೆ ಒಂದು ಭಾನುವಾರ ಬಿ.ಎಂ. ರಸ್ತೆಯ ಬೇರೆ ಹೋಟೆಲ್ಲಿಗೆ ನುಗ್ಗಿದೆ. ಅಲ್ಲಿ ಯಾರಿಗೂ ನನ್ನ ಹೊಟ್ಟೆಯ ಚರಿತ್ರೆ ಗೊತ್ತಿಲ್ಲ. ಎದೆ ಉಬ್ಬಿಸಿ “ಒಂದು ಮಸಾಲೆ” ಎಂದೆ. ರಶ್ಶು ಜಾಸ್ತಿ. ಎದುರಿಗೆ ಖಾಕಿ ತೊಟ್ಟ ಬಸ್ ಕಂಡಕ್ಟರ್ ಒಬ್ಬರು ಬಂದು ಕೂತರು. ಐದು ನಿಮಿಷಕ್ಕೆ ನಮ್ಮಿಬ್ಬರ ನಡುವೆ ಒಂದು ಮಸಾಲೆ ದೋಸೆ ಬಂದು ಇಳಿಯಿತು. ಕೆಂಪಗೆ, ಮೇಲೆ ಬೆಣ್ಣೆ. ನಾನು ಎಡಬಲ ನೋಡಲಿಲ್ಲ. ಅರ್ಧ ಮುಗಿಸಿದ ಮೇಲೆ ತಲೆ ಎತ್ತಿದೆ. ಕಂಡಕ್ಟರು ನನ್ನನ್ನೇ ನೋಡುತ್ತಿದ್ದರು.

“ಅದು ನಂದು” ಎಂದರು.

ಅವರು ನನಗಿಂತ ಮೊದಲೇ ಬಂದು, ಆರ್ಡರ್ ಹೇಳಿ, ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿದ್ದರಂತೆ. ತಟ್ಟೆಯನ್ನು ಅವರ ಕಡೆ ಸರಿಸಿದೆ. ಸರಿಸಿದ ಮೇಲೆ, ಅರ್ಧ ತಿಂದ ದೋಸೆ ಸರಿಸುವುದು ಇನ್ನೂ ಅವಮಾನ ಎಂದು ಹೊಳೆದು ವಾಪಸ್ ಎಳೆದುಕೊಂಡೆ. “ತಿನ್ನಿ ಬಿಡಿ, ಎಂಜಲಾಯ್ತಲ್ಲ. ನಂಗೆ ಇನ್ನೊಂದು ಹೇಳ್ತೀನಿ” ಎಂದು ಅವರು ಸಪ್ಲೈಯರನ್ನು ಕರೆದರು.

“ಮಸಾಲೆ ಖಾಲಿ” ಎಂದ ಅವನು.

“ಮಸಾಲೆ ಬೇಕು ಕಣಯ್ಯಾ, ಖಾಲಿ ಅಲ್ಲ.”

“ಅದೇ ಸಾರ್, ಮಸಾಲೆ ಖಾಲಿ. ಪಲ್ಯ ಮುಗೀತು. ಖಾಲಿ ಇದೆ, ಕೊಡ್ಲಾ?”

ಬಸ್ಸು ಹೊರಡಲು ಹದಿನೈದು ನಿಮಿಷ ಇತ್ತಂತೆ. ಅವರು ಖಾಲಿ ದೋಸೆ ತಿಂದರು. ಒಂದೊಂದು ತುತ್ತಿಗೂ ನನ್ನ ತಟ್ಟೆ ನೋಡುತ್ತಾ ತಿಂದರು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ನನ್ನಷ್ಟು ಬಲ್ಲವರು ಆ ಹೋಟೆಲ್ಲಿನಲ್ಲಿ ಯಾರೂ ಇರಲಿಲ್ಲ. ಅವರ ಬಿಲ್ಲನ್ನೂ ನಾನೇ ಕೊಡುತ್ತೇನೆ ಎಂದು ಧೈರ್ಯ ಮಾಡಿ ಎದ್ದೆ. ನೂರ ಮೂವತ್ತು ರೂಪಾಯಿ. ಕೈಗೆ ಬೆಣ್ಣೆ, ಮನಸ್ಸಿಗೆ ನಾಚಿಕೆ. ಫೋನಿನಲ್ಲಿ ಒಂದು ಸೊನ್ನೆ ಬಿಟ್ಟುಹೋಯಿತು. ಗಲ್ಲಾದ ಮೇಲಿದ್ದ ಡಬ್ಬಿ ಇಡೀ ಹೋಟೆಲ್ಲಿಗೆ ಕೇಳುವಂತೆ ಕೂಗಿತು: “ಹದಿಮೂರು ರೂಪಾಯಿ ಬಂದಿದೆ!” ಕಂಡಕ್ಟರು ಬಾಗಿಲಲ್ಲಿ ನಿಂತು ತಿರುಗಿ ನೋಡಿದರು. ಚಿಲ್ಲರೆ ಕೊಡದ ಪ್ರಯಾಣಿಕರನ್ನು ನೋಡುವ ನೋಟ. ಇವತ್ತಿಗೂ ಆ ಕಡೆಯ ಬಸ್ಸು ಹತ್ತುವ ಮೊದಲು ಕಂಡಕ್ಟರು ಯಾರೆಂದು ಇಣುಕುತ್ತೇನೆ.

ಸೋಮವಾರ ಬೆಳಿಗ್ಗೆ ಮತ್ತೆ ಪೇಷೆಂಟ್ ದೋಸೆಗೆ ಶರಣಾದೆ. “ನಿನ್ನೆ ಬರ್ಲಿಲ್ಲ ಸಾ, ಜಾಸ್ತಿ ಆಗಿತ್ತಾ?” ಎಂದು ಅವನು ಮೆಲ್ಲಗೆ ಕೇಳಿದ.

ಅಕ್ಟೋಬರ್ ಬಂತು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೆ ಕೆಲವೇ ದಿನ ದರ್ಶನ. ಲಕ್ಷಗಟ್ಟಲೆ ಜನ ಬರುತ್ತಾರೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವವರೆಗೂ ಉರಿಯುತ್ತಿರುತ್ತದೆ, ಇಟ್ಟ ನೈವೇದ್ಯ ಹಳಸುವುದಿಲ್ಲ ಎನ್ನುವುದು ನಂಬಿಕೆ. ಆ ದಿನಗಳಲ್ಲಿ ಊರಿನ ಕೆಲವು ಹೋಟೆಲ್ಲುಗಳ ರೈಸ್ ಬಾತ್ ನೋಡಿದರೆ, ಅವರು ಈ ನಂಬಿಕೆಯನ್ನು ಅಡುಗೆಮನೆಗೂ ತಂದುಕೊಂಡಿದ್ದಾರೇನೋ ಅನ್ನಿಸುತ್ತದೆ.

ಬೆಂಗಳೂರಿನಿಂದ ನನ್ನ ಸೋದರತ್ತೆ ಬಂದರು. ಜೊತೆಗೆ ಅವರ ಸೊಸೆ, ಇಬ್ಬರು ಮೊಮ್ಮಕ್ಕಳು. ಐದು ಗಂಟೆ ಸಾಲಿನಲ್ಲಿ ನಿಂತು ದರ್ಶನ ಮುಗಿಸಿ, ಹಸಿದು ಬಂದವರನ್ನು ನಮ್ಮ ಹೋಟೆಲ್ಲಿಗೇ ಕರೆದುಕೊಂಡು ಹೋದೆ. ಒಳಗೆ ಕಾಲಿಡಲು ಜಾಗ ಇಲ್ಲ. ಗೋಡೆಗೆ “ರೈಸ್ ಬಾತ್ ಮಾತ್ರ” ಎಂದು ಬರೆದ ರಟ್ಟು. ಎಲ್ಲರಿಗೂ ರೈಸ್ ಬಾತೇ ಬಂತು. ನನಗೂ ಅದೇ ಬರುತ್ತದೆ, ಕೊನೆಗೂ ಬೇರೆ ಏನೋ ತಿನ್ನುತ್ತೇನೆ ಎಂದು ಖುಷಿಯಾಗಿದ್ದೆ. ಅಷ್ಟರಲ್ಲಿ ಆ ಗದ್ದಲವನ್ನೆಲ್ಲ ಸೀಳಿಕೊಂಡು ದನಿ ಬಂತು: “ಜಾಗ ಬಿಡಿ, ಜಾಗ ಬಿಡಿ, ಪೇಷೆಂಟ್ ದೋಸೆ!” ನೂರು ಜನಕ್ಕೆ ಇಲ್ಲದ ದೋಸೆ ನನ್ನೊಬ್ಬನಿಗೆ ಬಂತು. ಬಿಸಿನೀರಿನ ಸಮೇತ. “ಹಂಚು ಕಾಯಿಸಿ ನಾನೇ ಹುಯ್ದೆ ಸಾ. ನಿಮ್ಗೆ ರೈಸ್ ಬಾತ್ ಆಗಲ್ವಲ್ಲ” ಎಂದ.

ಅತ್ತೆಯ ಚಮಚ ನಿಂತಿತು. “ಏನಾಗೈತೆ ಮಗಾ ನಿಂಗೆ?”

“ಏನಿಲ್ಲ ಅತ್ತೆ. ಹಿಂದೆ ಒಂದು ದಿನ...”

“ಎಂಟು ತಿಂಗ್ಳಿಂದ ಹಿಂಗೇ ಅಮ್ಮಾ” ಎಂದು ಅವನು ನನ್ನ ಮಾತು ಮುಗಿಯಲು ಬಿಡದೆ ಹೇಳಿ, ತಲೆ ಅಲ್ಲಾಡಿಸುತ್ತಾ ಹೋದ.

ಅತ್ತೆ ಮುಂದೆ ಏನೂ ಕೇಳಲಿಲ್ಲ. ನಾನು ಏನು ಹೇಳಿದರೂ “ಆಯ್ತು ಆಯ್ತು” ಎಂದರು. ಹೊರಡುವಾಗ ಹಾಸನಾಂಬೆಯ ಕುಂಕುಮವನ್ನು ಹಣೆಗೆ ಹಚ್ಚಿ ಕಣ್ಣೊರೆಸಿಕೊಂಡರು. ಅವರ ಕಾರು ಚನ್ನರಾಯಪಟ್ಟಣ ದಾಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಅತ್ತೆ ಹೇಳಿದ್ದು “ಹೊಟ್ಟೆದು ಏನೋ” ಎಂದಷ್ಟೇ. ಅದು ನಮ್ಮೂರಿನ ಡೈರಿ ಹತ್ತಿರ ಹೋಗುವಷ್ಟರಲ್ಲಿ ಆಪರೇಷನ್ ಆಗಿತ್ತು. ಸಂಜೆ ಹಾಲು ಹಾಕಲು ಹೋದವರು ಅಪ್ಪನಿಗೆ ಸಮಾಧಾನ ಹೇಳಿದರಂತೆ.

ಮಾರನೇ ದಿನ ಬೆಳಿಗ್ಗೆ ಅಪ್ಪ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಯಾವುದೋ ನಾಟಿ ಔಷಧಿಯ ಬೇರು. ಬಾಗಿಲಲ್ಲೇ ನಿಂತು ನನ್ನ ಹೊಟ್ಟೆಯನ್ನೇ ನೋಡಿದರು. ಅದು ಎಂದಿನಂತೆ ಅಂಗಿಯ ಗುಂಡಿಗಳನ್ನು ತಳ್ಳಿಕೊಂಡು ಆರೋಗ್ಯವಾಗಿತ್ತು.

“ಒಟ್ಟೆ ಕುಯ್ಸಿದ್ಯಂತಲ್ಲೋ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಕೇಳಿಸಿಕೊಂಡರು. ಬಹಳ ಹೊತ್ತು ಮಾತಾಡಲಿಲ್ಲ. “ಎಂಟ್ ತಿಂಗ್ಳು ಗೆಡ್ಡೆ ತಿಂದಿಲ್ವಾ?” ಎಂದರು. ಅವರ ತಲೆಗೆ ಹೋದದ್ದು ಅದೊಂದೇ. “ನಡಿ” ಎಂದು ಚಪ್ಪಲಿ ಮೆಟ್ಟಿದರು.

ಹೋಟೆಲ್ಲಿನಲ್ಲಿ ಕೂತ ಕೂಡಲೇ, ಸಪ್ಲೈಯರ್ ಬಾಯಿ ತೆರೆಯುವ ಮೊದಲೇ, ಅಪ್ಪ “ಎಲ್ಡು ಮಸಾಲೆ ತಗಬಾರಪ್ಪ” ಎಂದರು. ಎಷ್ಟು ಸುಲಭ!

“ಯಜಮಾನ್ರೇ, ನಿಮ್ಗೆ ಕೊಡ್ತೀನಿ. ಅವ್ರಿಗೆ ಆಗಲ್ಲ” ಎಂದ ಅವನು.

“ನನ್ ಮಗ ಅವ್ನು. ಆಯ್ತದೆ, ತಗಬಾ.”

“ಅಪ್ಪ ಅಂತೀರಿ, ಮಗನ ಒಟ್ಟೆ ಗೊತ್ತಿಲ್ವಾ?” ಅವನ ದನಿ ಏರಿತು. ಮೇಷ್ಟ್ರುಗಳ ಟೇಬಲ್ಲು ಸುಮ್ಮನಾಯಿತು. ಗಲ್ಲಾದಿಂದ ಯಜಮಾನರು ಎದ್ದರು. ನನಗೆ ಬೆವರು. ಇಬ್ಬರೂ ನನ್ನ ಕಡೆ ತಿರುಗಿದರು. ಇಷ್ಟು ದಿನ ಹೇಳಲಾಗದ್ದನ್ನು ಈಗ ಇಡೀ ಹೋಟೆಲ್ಲಿನ ಮುಂದೆ ಹೇಳಬೇಕಾಯಿತು.

“ಅಣ್ಣಾ... ಡಾಕ್ಟರು ತಿನ್ನಬಹುದು ಅಂದ್ರು. ನಿನ್ನೆ” ಎಂದೆ.

ಅಪ್ಪ ಹಣೆ ಚಚ್ಚಿಕೊಂಡರು. ಅವನ ಮುಖ ಅರಳಿತು. ಕಣ್ಣಲ್ಲಿ ನೀರು ಬಂದಿತ್ತು ಎಂದು ಮೇಷ್ಟ್ರೊಬ್ಬರು ಆಮೇಲೆ ಹೇಳಿದರು. ಅಡುಗೆಮನೆಯ ಕಡೆ ತಿರುಗಿ, ರಸ್ತೆಗೆ ಕೇಳುವಂತೆ ಕೂಗಿದ: “ಎಲ್ಡು ಮಸಾಲೆ! ಒಂದು ಪೇಷೆಂಟ್‌ಗೆ, ಪಲ್ಯ ಜಾಸ್ತಿ!”

ದೋಸೆ ಬಂತು. ಅಪ್ಪ ಎಂದಿನಂತೆ ಬಗೆದು ನೋಡಿ “ನಮ್ ಕಡೆ ಗೆಡ್ಡೆ ಅಲ್ಲ” ಎಂದು ತೀರ್ಪು ಕೊಟ್ಟು ಪೂರ್ತಿ ತಿಂದರು. ನಾನೂ ತಿಂದೆ. ಆ ರುಚಿಯನ್ನು ಬರೆಯಲು ಹೋಗುವುದಿಲ್ಲ.

ಅದಾದ ಮೇಲೆ ದಿನಾ ಮಸಾಲೆಯೇ. ಕೈ ತೊಳೆದು ಬರುವಷ್ಟರಲ್ಲಿ ಬಂದು ಕೂತಿರುತ್ತದೆ. ಬೆಣ್ಣೆ ಮೇಲೆ, ಪಲ್ಯ ಎರಡು ಸೌಟು. ಎಂಟು ತಿಂಗಳ ಬಾಕಿಯನ್ನು ಅವನೇ ತೀರಿಸುತ್ತಿದ್ದಾನೆ ಅನ್ನಿಸುತ್ತದೆ.

ಹೋದ ಭಾನುವಾರ ಹೊಳೆನರಸೀಪುರದಲ್ಲಿ ಇನ್ನೊಂದು ಬೀಗರ ಊಟ ಇತ್ತು. ಕೈ ಅಡ್ಡ ಹಿಡಿದೆ. ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಹೋಗಿ, ಗೋಡೆಗೆ ಒರಗಿ ಕೂತೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ತಟ್ಟೆ ಬಂದೇಬಿಟ್ಟಿತು. ಮಸಾಲೆ ಎಂದಿಗಿಂತ ದಪ್ಪಗಿತ್ತು.

“ಇವತ್ತು ಮೂರು ಸೌಟು ಸಾ” ಎಂದು ಅವನು ನಕ್ಕ.

ಸುತ್ತ ನೋಡಿದೆ. ಚಟ್ನಿ ಹಚ್ಚಿಕೊಂಡು ತಿಂದೆ.